ಮೈಸೂರು ಸ್ಟೇಷನ್ ಮೆಷಿನ್‌ನಲ್ಲಿ ಸ್ಮಾರ್ಟ್ ಕಾರ್ಡ್ ಯಾಕೆ ಸಿಗಲಿಲ್ಲ

ಮಡಿಕೇರಿಯಿಂದ ಬಂದ ನಿಮಗೆ ಮೈಸೂರು ರೈಲ್ವೆ ಸ್ಟೇಷನ್ನಿನ ಟಿಕೆಟ್ ಮೆಷಿನ್‌ನಲ್ಲಿ ಸ್ಮಾರ್ಟ್ ಕಾರ್ಡ್ (ಮೊದಲೇ ದುಡ್ಡು ತುಂಬಿಟ್ಟು ಟಿಕೆಟ್ ತೆಗೆಯುವ ಕಾರ್ಡ್) ಕೊಳ್ಳುವ ಆಯ್ಕೆಯೇ ಕಾಣಲಿಲ್ಲ ಅಂದಿರಲ್ಲ, ಮೆಷಿನ್ ಕೆಟ್ಟಿರಲಿಲ್ಲ. ಅದು ಕಾರ್ಡ್ ಮಾರುವುದಿಲ್ಲ, ಇರುವ ಕಾರ್ಡ್‌ನಿಂದ ಟಿಕೆಟ್ ಕೊಡುತ್ತದೆ. ಕಾರ್ಡನ್ನು ಜನರಲ್ ಟಿಕೆಟ್ ಕೌಂಟರಿನಲ್ಲಿ ಕೇಳಬೇಕು. ಸುಮ್ನೆ ರಿಸರ್ವೇಷನ್ ಕ್ಯೂನಲ್ಲಿ ನಿಲ್ಲಬೇಡಿ. ಸ್ಟಾಕ್ ಇದೆಯಾ ಅಂತ ಮೊದಲೇ ವಿಚಾರಿಸಿ, ಎಲ್ಲ ಹೊತ್ತಲ್ಲೂ ಇರುತ್ತದೆ ಅಂತ ಖಾತ್ರಿ ಇಲ್ಲ.

ಆದರೆ ಕೊಡಗಿನಲ್ಲಿ ರೈಲೇ ಇಲ್ಲ. ಮಡಿಕೇರಿಯಿಂದ ಬಸ್ಸಲ್ಲಿ ಬಂದು ಅಪರೂಪಕ್ಕೆ ಬೆಂಗಳೂರು ರೈಲು ಹಿಡಿಯೋರಿಗೆ ಕಾರ್ಡ್ ಯಾಕೆ? ನನ್ನ ಪ್ರಕಾರ ಫೋನೇ ಸಾಕು. ರೈಲ್ವೆಯ ರೈಲ್‌ಒನ್ ಆ್ಯಪ್ ಹಾಕಿ, ಅದರೊಳಗಿನ ಆರ್-ವಾಲೆಟ್‌ಗೆ ದುಡ್ಡು ತುಂಬಿ. ಕಾರ್ಡ್‌ನಂತೆಯೇ ಜನರಲ್ ಟಿಕೆಟ್‌ಗೆ ಶೇ. 3 ಉಳಿತಾಯ ಅಲ್ಲೂ ಇದೆ.

ತೊಡಕು ಇರುವುದು ಸಮಯದಲ್ಲಿ. ಮೈಸೂರು–ಬೆಂಗಳೂರಿನಂಥ 200 ಕಿ.ಮೀ. ಒಳಗಿನ ಜನರಲ್ ಟಿಕೆಟ್ ಮಾಡಿದ 3 ಗಂಟೆಯೊಳಗೆ ಪ್ರಯಾಣ ಶುರು ಮಾಡಬೇಕು. ಮಡಿಕೇರಿ ಬಸ್‌ಸ್ಟ್ಯಾಂಡಲ್ಲೇ ಟಿಕೆಟ್ ಮಾಡಿದರೆ ಮೈಸೂರು ಮುಟ್ಟುವಷ್ಟರಲ್ಲಿ ಆ ಹೊತ್ತು ಮುಗಿದೇ ಹೋಗಬಹುದು. ಬಸ್ಸು ಹುಣಸೂರು ದಾಟಿದ ಮೇಲೆ ಮಾಡಿ. ಹಾಗಂತ ಪ್ಲಾಟ್‌ಫಾರ್ಮ್ ತನಕ ಕಾಯಬೇಡಿ, ಹಳಿ ಪಕ್ಕ ನಿಂತರೆ ಆ್ಯಪ್‌ನಲ್ಲಿ ಪೇಪರ್‌ಲೆಸ್ ಟಿಕೆಟ್ (ಫೋನಿನಲ್ಲೇ ತೋರಿಸುವಂಥದ್ದು) ಆಗಲ್ಲ. ಟಿಕೆಟ್ ಚೆಕ್ ಮಾಡುವ ಟಿಟಿಇ ಕೇಳಿದರೆ ಆ್ಯಪ್ ತೆರೆದೇ ತೋರಿಸಿ, ಸ್ಕ್ರೀನ್‌ಶಾಟ್ ನಡೆಯಲ್ಲ.