ಧರ್ಮದ ಕಾಲಮ್ಮಿನಲ್ಲಿ ಏನು ಬರೆಯಲಿ ಅಂತ ಕೇಳಿದ ತಮ್ಮನಿಗೆ

ಹುಬ್ಬಳ್ಳಿಯಿಂದ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಓದಲು ಬರುತ್ತಿರುವ ತಮ್ಮ, ನಿನ್ನ ಪತ್ರ ಓದಿದೆ. ಚಳಿ ಎಷ್ಟಿರುತ್ತದೆ, ಅಕ್ಕಿ ಸಿಗುತ್ತದಾ, ಪಾರ್ಟ್‌ಟೈಮ್ ಕೆಲಸ ಹೇಗೆ ಅಂತೆಲ್ಲ ಕೇಳಿದ್ದೀಯ. ಕೊನೆಗೆ ಸ್ವಲ್ಪ ಅಳುಕಿನಿಂದಲೇ ಇನ್ನೊಂದು ಮಾತು ಬರೆದಿದ್ದೀಯ: "ಅಣ್ಣ, ವಿಳಾಸ ನೋಂದಣಿ ಮಾಡಿಸುವಾಗ ಧರ್ಮ ಕೇಳ್ತಾರಂತೆ. ಕ್ರೈಸ್ತ ಅಂತ ಬರೆದರೆ ಸಂಬಳದಲ್ಲಿ ಒಂಬತ್ತು ಪರ್ಸೆಂಟ್ ಹೋಗುತ್ತಂತೆ. 'ಧರ್ಮ ಇಲ್ಲ' ಅಂತ ಬರೆದುಬಿಡು ಅಂತಾರೆ ಎಲ್ಲರೂ. ಮನಸ್ಸಿನಲ್ಲಿ ನಾವು ವಿಶ್ವಾಸಿಗಳೇ ಅಲ್ವಾ, ಕಾಗದದಲ್ಲಿ ಏನಿದ್ದರೇನು?"

ಚಳಿ ಇರುತ್ತದೆ, ಜಾಕೆಟ್ ಇಲ್ಲಿ ಬಂದೇ ತಗೋ. ಅಕ್ಕಿ ಸಿಗುತ್ತದೆ. ಅಮ್ಮನ ಹತ್ತಿರ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿಕೊಂಡು ಬಾ, ನವೆಂಬರಿನಲ್ಲಿ ನಾಲ್ಕೂವರೆಗೆಲ್ಲ ಕತ್ತಲಾದಾಗ ಅದರ ಬೆಲೆ ಗೊತ್ತಾಗುತ್ತದೆ. ಇನ್ನು ಆ ಕಾಲಮ್ಮಿನ ವಿಷಯಕ್ಕೆ ಬರ್ತೀನಿ.

ಮೊದಲು ಲೆಕ್ಕ ಸರಿ ಮಾಡೋಣ, ನಿನಗೆ ಹೇಳಿದವರು ಅರ್ಧ ಹೇಳಿದ್ದಾರೆ. ಸಭೆಯ ಸದಸ್ಯರಿಂದ ಸರ್ಕಾರ ಎತ್ತಿ ಸಭೆಗೆ ಕೊಡುವ ಈ ಚರ್ಚ್ ತೆರಿಗೆ ಸಂಬಳದ ಮೇಲಲ್ಲ, ಆದಾಯ ತೆರಿಗೆಯ ಮೇಲೆ. ನೀನು ಬರುತ್ತಿರುವ ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯದಲ್ಲೂ ಪಕ್ಕದ ಬವೇರಿಯಾದಲ್ಲೂ ಅದು ಶೇ. 8, ಉಳಿದ ಕಡೆ ಶೇ. 9. ತಿಂಗಳಿಗೆ 500 ಯೂರೊ ಆದಾಯ ತೆರಿಗೆ ಕಟ್ಟುವವನಿಗೆ 40 ಯೂರೊ ಬೀಳುತ್ತದೆ. ವರ್ಷದ ಕೊನೆಗೆ ರಿಟರ್ನ್ ಸಲ್ಲಿಸುವಾಗ ಅದನ್ನೂ ಖರ್ಚಿನಲ್ಲಿ ತೋರಿಸಬಹುದು. ವರ್ಷಕ್ಕೆ ಸುಮಾರು 12 ಸಾವಿರ ಯೂರೊ ತನಕ ಆದಾಯ ತೆರಿಗೆಯೇ ಇಲ್ಲ, ಹಾಗಾಗಿ ಓದುವಷ್ಟು ದಿನ ನಿನ್ನ ಜೇಬಿನಿಂದ ಬಹುಶಃ ಒಂದು ಸೆಂಟೂ ಹೋಗುವುದಿಲ್ಲ. ಹೋಗದ ದುಡ್ಡಿಗೆ ಹೆದರಿ ಸುಳ್ಳು ಬರೆಯಲು ಹೊರಟಿದ್ದೀಯ.

ನಾನು ಧಾರವಾಡದಿಂದ ಬಂದದ್ದು 2008ರಲ್ಲಿ. ನೋಂದಣಿಗೆ ಹೋಗುವ ಮುಂಚಿನ ರಾತ್ರಿ ರೂಮಿನ ಗೆಳೆಯರು ಇದೇ ಬುದ್ಧಿ ಹೇಳಿದ್ದರು. ಕೌಂಟರಿನಲ್ಲಿದ್ದ ಹೆಂಗಸು ಪೆನ್ನಿನ ತುದಿಯಿಂದ ಆ ಕಾಲಮ್ ತೋರಿಸಿ ಸುಮ್ನೆ ಕಾದರು. ಅವರಿಗೆ ನಾನು ಏನು ಬರೆದರೂ ಒಂದೇ. ಅಲ್ಲೇ ನನಗೆ ಪೇತ್ರ ನೆನಪಾದ, ಯೇಸುವನ್ನು ಹಿಡಿದ ರಾತ್ರಿ 'ನಾನು ಅವನನ್ನು ಅರಿಯೆ' ಅಂದುಬಿಟ್ಟ ಶಿಷ್ಯ. ಅವನನ್ನು ಕೇಳಿದ್ದು ಮಹಾಯಾಜಕನಲ್ಲ, ಅಂಗಳದಲ್ಲಿದ್ದ ಒಬ್ಬ ದಾಸಿ. ಮನಸ್ಸಿನಲ್ಲಿ ಅವನೂ ವಿಶ್ವಾಸಿಯೇ ಆಗಿದ್ದ. ನಾನು ಪ್ರೊಟೆಸ್ಟೆಂಟ್ ಅಂತ ಬರೆದೆ.

ಇನ್ನೊಂದು ಕಾರಣವೂ ಇತ್ತು. ನಮ್ಮ ಅಜ್ಜಂದಿರಿಗೆ ಸುವಾರ್ತೆ ತಂದ ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದರು. ಅವರಲ್ಲಿ ಎಷ್ಟೋ ಜನ ಇದೇ ವ್ಯುರ್ಟೆಂಬೆರ್ಗ್ ಸೀಮೆಯವರು. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಮೋಗ್ಲಿಂಗ್ ಹುಟ್ಟಿದ ಬ್ರಾಕನ್‌ಹೈಮ್ ಸ್ಟುಟ್‌ಗಾರ್ಟಿನಿಂದ ಹೆಚ್ಚು ದೂರವಿಲ್ಲ. ಕಿಟ್ಟೆಲ್ ತೀರಿಕೊಂಡದ್ದು ಟ್ಯೂಬಿಂಗನ್‌ನಲ್ಲಿ, ರೈಲಿನಲ್ಲಿ ಒಂದು ತಾಸಿನ ದಾರಿ. ಅವರನ್ನೆಲ್ಲ ಕಳಿಸಿದ ದುಡ್ಡಿನಲ್ಲಿ ಇಲ್ಲಿನ ರೈತರು, ಕೂಲಿಯವರು ಕೂಡಿಸಿದ ಚಿಲ್ಲರೆಯೂ ಇತ್ತು. ಆ ಚಿಲ್ಲರೆಯಿಂದ ಬೆಳೆದ ಸಭೆಯಲ್ಲಿ ದೀಕ್ಷಾಸ್ನಾನ ಪಡೆದ ನಾನು, ಅವರ ಊರಿಗೇ ಬಂದು, 40 ಯೂರೊ ಉಳಿಸಲು ನಾನು ಯಾರೂ ಅಲ್ಲ ಅಂತ ಬರೆಯಲೇ? ಚರ್ಚಿನ ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಕುಂಬಳಕಾಯಿಗೆ ಐನೂರು ಕೂಗುವ ಜನ ನಾವು.

ಈ ತೆರಿಗೆ ಬೇಡವೇ ಬೇಡ ಅನ್ನಿಸಿದರೆ ಕಚೇರಿಗೆ ಹೋಗಿ, ಸಹಿ ಹಾಕಿ, ಸಭೆಯ ಸದಸ್ಯತ್ವ ಬಿಡಬಹುದು. ಅದು ಎದುರಿಗೇ ಹೇಳಿ ಹೋಗುವುದು. ನಿನ್ನದು ದೊಡ್ಡ ಸಭೆಗಳಿಗೆ ಸೇರದ ಸ್ವತಂತ್ರ ಸಭೆಯಾಗಿದ್ದರೆ ಹಾಗೇ ಹೇಳು, ಅಂಥ ಹೆಚ್ಚಿನ ಸಭೆಗಳು ಈ ತೆರಿಗೆ ಎತ್ತುವುದಿಲ್ಲ.

ಪಾರ್ಟ್‌ಟೈಮ್ ಕೆಲಸದ ಬಗ್ಗೆ ಮಾತ್ರ ಮನಸ್ಸು ಬಿಚ್ಚಿ ಹೇಳಬೇಕು. ಆಗ ವಿದೇಶಿ ವಿದ್ಯಾರ್ಥಿ ವರ್ಷಕ್ಕೆ 90 ಪೂರ್ತಿ ದಿನ ಇಲ್ಲವೇ 180 ಅರ್ಧ ದಿನ ದುಡಿಯಬಹುದಿತ್ತು. ಈಗ ಅದು 140, 280 ಆಗಿದೆ. ನಾನು ಒಂದು ಹೋಟೆಲಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ನನ್ನ ದಿನಗಳು ಮುಗಿದವು. ಮಾಲೀಕ ಒಳ್ಳೆಯ ಮಾತಿನಲ್ಲೇ ಹೇಳಿದ: ನಾಳೆಯಿಂದ ರಿಜಿಸ್ಟರಿನಲ್ಲಿ ಹೆಸರು ಬೇಡ, ಶನಿವಾರ ಕವರಿನಲ್ಲಿ ದುಡ್ಡು ಕೊಡ್ತೀನಿ. ನಾನು ಆಗಲ್ಲ ಅಂದೆ. ಅವನು ಕೋಪ ಮಾಡಿಕೊಳ್ಳಲಿಲ್ಲ, ಏಪ್ರನ್ ವಾಪಸ್ ತಗೊಂಡ. ನನ್ನ ಜಾಗಕ್ಕೆ ನನ್ನ ರೂಮಿನವನೇ ಹೋದ.

ಆ ಚಳಿಗಾಲ ಊರಲ್ಲಿ ತಂಗಿಯ ಮದುವೆ. ಟಿಕೆಟ್ಟಿಗೆ ದುಡ್ಡಿರಲಿಲ್ಲ. ಅಪ್ಪನ ಹತ್ತಿರ ಕೇಳುವಂತಿರಲಿಲ್ಲ, ಅವರೇ ಮದುವೆಗೆ ಸಾಲ ಮಾಡಿದ್ದರು. ಯಾರೋ ಪುಣ್ಯಾತ್ಮರು ಚರ್ಚಿನೊಳಗೆ ಫೋನ್ ಹಿಡಿದು ನಿಂತರು. ಪಾಸ್ಟರ್ ಅಯ್ಯನವರ ಪ್ರಾರ್ಥನೆ ಕೇಳಿಸಿತು, ಉಂಗುರದ ಹೊತ್ತಿಗೆ ನನ್ನ ಕಾರ್ಡಿನ ದುಡ್ಡು ಮುಗಿದು ಲೈನ್ ಕಟ್ ಆಯಿತು. ಫೋಟೋದಲ್ಲಿ ಅಣ್ಣ ನಿಲ್ಲಬೇಕಾದ ಕಡೆ ಚಿಕ್ಕಪ್ಪನ ಮಗ ನಿಂತಿದ್ದಾನೆ. ಆ ಕೊರಗು ಇವತ್ತಿಗೂ ಹೋಗಿಲ್ಲ. ಕವರ್ ತಗೊಂಡ ಗೆಳೆಯನಿಗೆ ಏನೂ ಆಗಲಿಲ್ಲ, ಚೆನ್ನಾಗಿದ್ದಾನೆ. ಸಂಡೇ ಸ್ಕೂಲಿನ ಕಥೆಗಳಲ್ಲಿ ಸತ್ಯ ಹಿಡಿದವನಿಗೆ ಕೊನೆಗೆ ಏನಾದರೂ ಸಿಗುತ್ತಿತ್ತು. ನನಗೆ ಸಿಗಲಿಲ್ಲ. ಹಾಗಂತ ಇವತ್ತು ಅದೇ ಕವರ್ ಮುಂದಿಟ್ಟರೂ ನಾನು ಬೇಡ ಅಂತಲೇ ಹೇಳುತ್ತೇನೆ. ಕೊಟ್ಟದ್ದು ತಿರುಗಿ ಬರುತ್ತದೆ ಅಂತ ಲೆಕ್ಕ ಇಟ್ಟುಕೊಂಡು ಪ್ರಾಮಾಣಿಕನಾದರೆ ಮೊದಲ ನಷ್ಟಕ್ಕೇ ಕಹಿಯಾಗುತ್ತೀಯ, ಅದಕ್ಕೇ ಈಗಲೇ ಹೇಳುತ್ತಿದ್ದೇನೆ.

ಇಲ್ಲಿನವರೆಲ್ಲ ಸತ್ಯವಂತರು ಅಂತಲೂ ತಿಳಿಯಬೇಡ. ಶರತ್ಕಾಲದಲ್ಲಿ ಹೊಲದ ಅಂಚಿಗೆ ಕುಂಬಳಕಾಯಿ ಜೋಡಿಸಿ, ಬೆಲೆಯ ಹಲಗೆ ಇಟ್ಟು, ತೂತಿರುವ ಒಂದು ತಗಡಿನ ಡಬ್ಬಿ ಬಿಟ್ಟು ರೈತ ಮನೆಗೆ ಹೋಗಿರುತ್ತಾನೆ. ಮೊದಲ ಸಲ ನೋಡಿದಾಗ ಕಣ್ಣು ತುಂಬಿ ಬರುತ್ತದೆ. ಇದೇ ದೇಶದಲ್ಲೇ ಫೋಕ್ಸ್‌ವಾಗನ್ ಡೀಸೆಲ್ ಕಾರುಗಳ ಹೊಗೆ ಪರೀಕ್ಷೆಯಲ್ಲಿ ಮೋಸ ಮಾಡಿದ್ದು 2015ರಲ್ಲಿ ಬಯಲಾಯಿತು. ಮೆಟ್ರೋ ಸ್ಟೇಷನ್ನಿನಲ್ಲಿ ಗೇಟ್ ಇರುವುದಿಲ್ಲ, ಯಾರೂ ತಡೆಯುವುದಿಲ್ಲ. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ 60 ಯೂರೊ ದಂಡ. ದಂಡಕ್ಕೆ ಹೆದರಿ ಅಲ್ಲ, ಪ್ರಾಮಾಣಿಕತೆಗೆ ಟಿಕೆಟ್ ತಗೋ.

ಮನೆ ಸೇರಿದ ಎರಡು ವಾರದೊಳಗೆ ನೋಂದಣಿ ಆಗಬೇಕು. ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ, ಆದಷ್ಟು ಬೇಗ ಹಿಡಿ. ಮನೆ ಮಾಲೀಕರು ಸಹಿ ಮಾಡಿದ ಪತ್ರ ಬೇಕೇ ಬೇಕು. ದೀಕ್ಷಾಸ್ನಾನದ ಸರ್ಟಿಫಿಕೇಟಿನ ಒಂದು ಪ್ರತಿಯನ್ನೂ ಅಯ್ಯನವರಿಂದ ತಗೊಂಡು ಬಾ, ಮುಂದೆ ಇಲ್ಲಿಯ ಸಭೆಯಲ್ಲಿ ಮದುವೆಯಾಗುವುದಾದರೆ ಕೇಳುತ್ತಾರೆ.