ಗಾಂಜಾ ಗಿಡದಂತೆ ಸೀಬೆ ಕೊಂಬೆಯನ್ನೂ ಬಗ್ಗಿಸಿ ಕಟ್ಟಬಹುದೇ?

ಹೊರದೇಶದವರು ಗಾಂಜಾ ಗಿಡವನ್ನು ಬಗ್ಗಿಸಿ ಕಟ್ಟಿ ಹರಡಿಸುವ ವಿಡಿಯೊ ನೋಡಿದ್ದೀರಿ. ಮೈಸೂರಿನ ನಿಮ್ಮ ಹಿತ್ತಲಿನಲ್ಲಿ ನೆಟ್ಟಗೆ ಮೇಲಕ್ಕೆ ಹೋಗಿ ಕಾಯಿ ಕಡಿಮೆ ಬಿಡುತ್ತಿರುವ ಸೀಬೆಗೂ ಅದೇ ಉಪಾಯ ಆಗುತ್ತದೆಯೇ ಎಂದು ಕೇಳಿದ್ದೀರಿ. ಖಂಡಿತ ಆಗುತ್ತದೆ. ನನ್ನ ಮಟ್ಟಿಗೆ ಗಾಂಜಾಕ್ಕಿಂತ ಸೀಬೆಗೇ ಅದರಿಂದ ಲಾಭ ಹೆಚ್ಚು. (ಗಾಂಜಾದ ಗೋಜು ಬೇಡ; 1985ರ ಮಾದಕ ವಸ್ತು ಕಾಯ್ದೆಯ ಪ್ರಕಾರ ಅದನ್ನು ಬೆಳೆದವರಿಗೆ 10 ವರ್ಷದವರೆಗೆ ಕಠಿಣ ಸಜೆಯಾಗಬಹುದು.)

ನೆಟ್ಟಗಿರುವ ಕುಡಿಯಲ್ಲಿ ಹುಟ್ಟುವ ಆಕ್ಸಿನ್ ಎಂಬ ಹಾರ್ಮೋನು ಕೆಳಕ್ಕಿಳಿಯುತ್ತ, ಎಲೆಯ ಬುಡದ ಕಣ್ಣುಗಳು ಚಿಗುರದಂತೆ ತಡೆದಿರುತ್ತದೆ. ಕೊಂಬೆ ಅಡ್ಡಲಾದಾಗ ಆ ಹಿಡಿತ ಸಡಿಲಗೊಂಡು, ಮೇಲ್ಮುಖವಾಗಿರುವ ಕಣ್ಣುಗಳು ಒಡೆಯುತ್ತವೆ. ಇಷ್ಟು ಎರಡಕ್ಕೂ ಸಮಾನ. ಆದರೆ ಸಾಮಾನ್ಯ ಗಾಂಜಾ ತಳಿಗಳು ಹೂಬಿಡುವುದು ಹಗಲು ಕುಗ್ಗಿದಾಗ. ಬಗ್ಗಿಸಿದರೆ ಅವುಗಳ ಕುಡಿಗಳಿಗೆಲ್ಲ ಬೆಳಕು ಸಿಗುತ್ತದೆಯೇ ಹೊರತು ಹೂವಿಗೆ ಅದೇ ಕಾರಣವಾಗದು. ಸೀಬೆ ಹೂಬಿಡುವುದು ಹೊಸ ಚಿಗುರಿನಲ್ಲಿ. ಆದ್ದರಿಂದ ಕಣ್ಣು ಒಡೆಸಿದರೆ ಹೂವಿಗೂ ದಾರಿ ಮಾಡಿಕೊಟ್ಟಂತೆಯೇ.

ಇನ್ನೊಂದು ವ್ಯತ್ಯಾಸ ಕೊಂಬೆಯ ವಯಸ್ಸಿನದು. ಗಾಂಜಾ ಒಂದೇ ವರ್ಷದ ಗಿಡ, ಎಳೆಯದರಲ್ಲಿ ಹೇಗೆಳೆದರೂ ಬಾಗುತ್ತದೆ. ಸೀಬೆಯದು ಹುಡುಗರು ಬುಗುರಿಗೆಂದು ಹುಡುಕುವಂಥ ಗಟ್ಟಿ ಮರ. ಹಾಗಾಗಿ ಹೆಬ್ಬೆರಳು ಗಾತ್ರ ಮೀರದ, ಕೈಯಲ್ಲಿ ಎಳೆದಾಗ ಬಳುಕುವ ಕೊಂಬೆಗಳನ್ನಷ್ಟೇ ಆರಿಸಿಕೊಳ್ಳಿ. ಹಗ್ಗ ಕಟ್ಟುವ ಜಾಣ್ಮೆಗಿಂತ ಈ ಆಯ್ಕೆಯೇ ಮುಖ್ಯವೆಂಬುದು ನನ್ನ ಅಭಿಪ್ರಾಯ.

ಮೇ ತಿಂಗಳಲ್ಲಿ ಒಂದೆರಡು ಹದ ಮಳೆ ಬಿದ್ದ ಮೇಲೆ ಈ ಕೆಲಸಕ್ಕೆ ಕೈಹಾಕಿ. ತುದಿಯ ಒಂದಡಿಯಷ್ಟನ್ನು ಹಾಗೆಯೇ ಬಿಟ್ಟು, ಉಳಿದ ಉದ್ದಕ್ಕೂ ಇರುವ ಎಲೆ, ಹೂವು, ಕಾಯಿ, ಸಣ್ಣ ಕವಲುಗಳನ್ನೆಲ್ಲ ತೆಗೆಯಿರಿ. ಬಳಿಕ ಒಂದು ಕೈ ಕವಲಿನ ಬುಡವನ್ನು ಒತ್ತಿಹಿಡಿದಿರಲಿ, ಇನ್ನೊಂದು ಕೈ ಕೊಂಬೆಯನ್ನು ನಿಧಾನವಾಗಿ ತಗ್ಗಿಸಲಿ. ಚಟಚಟ ಸದ್ದು ಕೇಳಿದ ಕೂಡಲೇ ನಿಲ್ಲಿಸಿ, ಉಳಿದ ಬಾಗನ್ನು ವಾರ ಬಿಟ್ಟು ಕೊಡಿ. ನೆಲಕ್ಕೆ ಗೂಟ ಹೊಡೆದು ತೆಂಗಿನ ನಾರಿನ ಹಗ್ಗದಲ್ಲಿ ಕಟ್ಟುವುದು ಒಳ್ಳೆಯದು. ಬೈಂಡಿಂಗ್ ವೈರು ತೊಗಟೆಯನ್ನು ಕೊಯ್ಯುತ್ತದೆ. ಅದೇ ಬೇಕೆಂದರೆ ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ನಡುವೆ ಇಡಿ.

ಸುಮಾರು ಮೂರು ವಾರಗಳಲ್ಲಿ ಚಿಗುರು, ಒಂದೂವರೆ ಎರಡು ತಿಂಗಳಲ್ಲಿ ಮೊಗ್ಗು ಕಾಣಿಸುತ್ತದೆ. ಹಣ್ಣು ಚಳಿಗಾಲಕ್ಕೆ ಬರುವುದರಿಂದ ಮಳೆಗಾಲದ ಹಣ್ಣಿಗಿಂತ ಸಿಹಿಯಾಗಿರುತ್ತದೆ, ಹಣ್ಣು ನೊಣದ ಕಾಟವೂ ಕಡಿಮೆ. ಚಿಗುರು ಗಟ್ಟಿಯಾದ ಮೇಲೆ ಒಂದು ಹಗ್ಗ ಬಿಚ್ಚಿ ನೋಡಿ. ಕೊಂಬೆ ಮತ್ತೆ ಮೇಲೇಳದಿದ್ದರೆ ಉಳಿದ ಹಗ್ಗಗಳನ್ನೂ ತೆಗೆದುಬಿಡಬಹುದು.