ಅಪ್ಪನ ಟ್ರಂಕಿನಲ್ಲಿರುವ ಕಾಗದವನ್ನೆಲ್ಲ ಸ್ಕ್ಯಾನ್ ಮಾಡಿ ರದ್ದಿಗೆ ಹಾಕಬಹುದಾ?

ಅಪ್ಪ ಕೂಡಿಟ್ಟ ಎರಡು ಟ್ರಂಕು ಕಾಗದ ಇದೆ, ಜಗಳೂರು ಕಡೆ ಹೊಲದ್ದೂ ಅದರಲ್ಲೇ ಇದೆ, ಎಲ್ಲ ಮೊಬೈಲಿಗೆ ಹಾಕಿಕೊಂಡು ರದ್ದಿಯವನಿಗೆ ಕೊಟ್ಟುಬಿಡಲಾ ಅಂತ ಕೇಳಿದ್ದೀರಿ. ಸ್ಕ್ಯಾನ್ ಎಲ್ಲವನ್ನೂ ಮಾಡಿ. ರದ್ದಿಗೆ ಹಾಕೋದು ಮಾತ್ರ ಒಂದೊಂದನ್ನೇ ನೋಡಿ. ನಾನು ದಾವಣಗೆರೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದೇನೆ, ಆನ್‌ಲೈನ್ ಅರ್ಜಿಗಳನ್ನೂ ತುಂಬಿಕೊಡುತ್ತೇನೆ. ಯಾವ ಕಾಗದ ಇಲ್ಲ ಅಂತ ಜನ ಪರದಾಡುತ್ತಾರೆ ಅನ್ನೋದು ದಿನಾ ಕಣ್ಣಿಗೆ ಬೀಳುತ್ತದೆ.

ಕಾಗದ ಕೈಗೆತ್ತಿಕೊಂಡಾಗ ಇಷ್ಟು ಯೋಚಿಸಿ: ಇದು ಕಳೆದರೆ ಕೊಟ್ಟವರೇ ಮತ್ತೆ ಕೊಡುತ್ತಾರಾ? ಬೆಸ್ಕಾಂ ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟು ಸಲೀಸಾಗಿ ಸಿಗುತ್ತವೆ. ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರಕ್ಕೆ ಆರ್‌ಡಿ ನಂಬರ್ ಇರುತ್ತದೆ, ಅದೊಂದು ಬರೆದಿಟ್ಟುಕೊಂಡರೆ ಸಾಕು. ಪಹಣಿ 2000ದಲ್ಲಿ ಭೂಮಿ ಯೋಜನೆ ಬಂದಮೇಲೆ ಕಂಪ್ಯೂಟರಿಗೆ ಹೋಗಿದೆ, ಹಾಗಾಗಿ ಈಚೆಗೆ ತೆಗೆಸಿದ ಪಹಣಿ ಕಟ್ಟು ಕಟ್ಟಿಡಬೇಕಾಗಿಲ್ಲ. ಕೈಬರಹದ ಹಳೇ ಪಹಣಿ ಇದ್ದರೆ ಅದನ್ನು ಮುಟ್ಟಬೇಡಿ.

ಕ್ರಯಪತ್ರ, ಪಾಲುಪತ್ರ, ಎಲ್‌ಐಸಿ ಬಾಂಡು, ಮಾರ್ಕ್ಸ್ ಕಾರ್ಡು, ಇವು ಒರಿಜಿನಲ್ಲೇ ಇರಬೇಕು. ಕ್ರಯಪತ್ರದ ದೃಢೀಕೃತ ನಕಲು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿಗುತ್ತದೆ ನಿಜ, ಆದರೆ ಮನೆ ಮೇಲೆ ಸಾಲ ಕೇಳಲು ಹೋಗಿ ನೋಡಿ, ಬ್ಯಾಂಕಿನವರು ಒರಿಜಿನಲ್ ಎಲ್ಲಿ ಅಂತಾರೆ. ವಿಲ್ ಅಂತೂ ಕಾಗದದ ಮೇಲೇ ಇರಬೇಕು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯೇ ವಿಲ್ಲನ್ನು ಹೊರಗಿಟ್ಟಿದೆ. ಚೆನ್ನಾಗಿರಲಿ ಅಂತ ಲ್ಯಾಮಿನೇಶನ್ ಮಾಡಿಸಬೇಡಿ, ಉಬ್ಬು ಸೀಲು ಚಪ್ಪಟೆಯಾಗುತ್ತದೆ, ಒಮ್ಮೆ ಅಂಟಿದ ಪ್ಲಾಸ್ಟಿಕ್ಕು ಕಾಗದ ಹರಿಯದೆ ಬಿಡೋದಿಲ್ಲ.

ನಿಮ್ಮ ಹೊಲದ ಪತ್ರಗಳ ಬಗ್ಗೆ ಒಂದು ಮಾತು. ದಾವಣಗೆರೆ ಜಿಲ್ಲೆ ಆಗಿದ್ದೇ 1997ರಲ್ಲಿ. ಅದಕ್ಕೂ ಹಿಂದಿನ ಜಗಳೂರು, ಹರಿಹರದ ಪತ್ರಗಳಲ್ಲಿ ಚಿತ್ರದುರ್ಗ ಜಿಲ್ಲೆ ಅಂತಲೇ ಇರುತ್ತದೆ. ಹೊನ್ನಾಳಿ, ಚನ್ನಗಿರಿಯದಾದರೆ ಶಿವಮೊಗ್ಗ. ಹರಪನಹಳ್ಳಿಯವರ ಪಾಡು ಕೇಳಲೇಬೇಡಿ: ಬಳ್ಳಾರಿಯಿಂದ ದಾವಣಗೆರೆಗೆ ಬಂದರು, 2018ರಲ್ಲಿ ವಾಪಸ್ ಬಳ್ಳಾರಿಗೆ ಹೋದರು, ಈಗ ವಿಜಯನಗರ. ಅದಕ್ಕೇ ಫೈಲಿಗೆ ಜಿಲ್ಲೆ ಹೆಸರಿಡಬೇಡಿ. ಊರು, ಸರ್ವೆ ನಂಬರ್, ವರ್ಷ, ಇಷ್ಟು ಇಡಿ. ಪೋಡಿ ಆಗಿ, ಅಂದರೆ ಹೊಲ ಅಳೆದು ಭಾಗ ಮಾಡಿ, ನಂಬರ್ ಬದಲಾಗಿದ್ದರೆ ಹಳೆಯದನ್ನೂ ಪಕ್ಕದಲ್ಲಿ ಹಾಕಿ.

ಇನ್ನು ರಸೀದಿ. ಇಲ್ಲಿ ಕಾಗದವನ್ನು ನಂಬಲೇಬೇಡಿ. ಪೆಟ್ರೋಲ್ ಬಂಕು, ಮೆಡಿಕಲ್ ಶಾಪು, ಎಷ್ಟೋ ಶೋರೂಮುಗಳು ಕೊಡುವ ನುಣುಪು ಕಾಗದದ ಮೇಲೆ ಶಾಯಿಯೇ ಇರೋದಿಲ್ಲ, ಬಿಸಿ ತಾಗಿದರೆ ಕಪ್ಪಾಗುವ ಲೇಪ ಇರುತ್ತದೆ ಅಷ್ಟೇ. ಉಗುರಿನಿಂದ ಜೋರಾಗಿ ಒಮ್ಮೆ ಗೀರಿ ನೋಡಿ, ಕಪ್ಪು ಗೆರೆ ಬಂದರೆ ಅದೇ ಜಾತಿ. ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಇದು ಎಷ್ಟು ದಿನ ತಡೆದೀತು? ಜೋಪಾನವಾಗಿರಲಿ ಅಂತ ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಇನ್ನೂ ಬೇಗ ಮಾಸುತ್ತದೆ. ಮೊನ್ನೆ ಒಬ್ಬ ಅಕ್ಕ ಫ್ರಿಜ್ ಬಿಲ್ಲು ತಂದು ಜೆರಾಕ್ಸ್ ಮಾಡಿಕೊಡಪ್ಪ ಅಂದರು. ಬೆಳಕಿಗೆ ಹಿಡಿದು ನೋಡಿದರೆ ಅಂಗಡಿಯ ಹೆಸರು ಕೆಂಪಗೆ ಎದ್ದು ಕಾಣುತ್ತಿತ್ತು, ಅದು ಮೊದಲೇ ಅಚ್ಚು ಹಾಕಿಸಿದ್ದು. ಕೆಳಗೆ ದಿನಾಂಕವೂ ಇಲ್ಲ, ಮಾಡೆಲ್ ನಂಬರೂ ಇಲ್ಲ, ಮಡಿಕೆಯ ಒಳಗೆ ಸಿಕ್ಕಿಕೊಂಡಿದ್ದ ಎರಡು ಅಂಕಿ ಮಾತ್ರ ಉಳಿದಿದ್ದವು. ಕಂಪ್ರೆಸರ್ ವಾರಂಟಿ 10 ವರ್ಷ, ಬಿಲ್ಲಿನ ಆಯಸ್ಸು ಇಷ್ಟೇ. ಆದ್ದರಿಂದ ಕೊಂಡ ದಿನವೇ ಫೋಟೋ ತೆಗೆಯಿರಿ, ದೊಡ್ಡ ಸಾಮಾನಾದರೆ ಒಂದು ಜೆರಾಕ್ಸ್ ಮಾಡಿಸಿ ವಾರಂಟಿ ಕಾರ್ಡಿಗೆ ಪಿನ್ ಹೊಡೆಯಿರಿ.

ಮೆಕ್ಕೆಜೋಳ ಮಾರಿದ ಚೀಟಿ ದಲ್ಲಾಳಿ ಅಂಗಡಿ ಲೆಕ್ಕ ಚುಕ್ತಾ ಆಗುವವರೆಗೆ ಇದ್ದರೆ ಸಾಕು. ಮನೆ ಕಟ್ಟಿಸಿದ ಸಿಮೆಂಟು, ಕಬ್ಬಿಣದ ಬಿಲ್ಲು ಮಾತ್ರ ಮನೆ ನಿಮ್ಮ ಹೆಸರಿನಲ್ಲಿ ಇರುವಷ್ಟು ದಿನ ಇರಲಿ. ನಾಳೆ ಮಾರಿದಾಗ ಬಂದ ಲಾಭಕ್ಕೆ ತೆರಿಗೆ ಹಾಕುವಾಗ ಆ ಖರ್ಚನ್ನು ಕಳೆಯಬಹುದು, ಬಿಲ್ಲಿಲ್ಲದೆ ಬಾಯಿಮಾತಿಗೆ ಯಾರು ಒಪ್ಪುತ್ತಾರೆ?

ಮೊಬೈಲಿಗೆ ಹಾಕೋದರಲ್ಲೂ ಒಂದು ಕ್ರಮ ಬೇಕು. ಗುಡ್ ಮಾರ್ನಿಂಗ್ ಚಿತ್ರಗಳ ನಡುವೆ ಕ್ರಯಪತ್ರದ ಫೋಟೋ ಬಿದ್ದಿದ್ದರೆ ಅದು ಇದ್ದೂ ಇಲ್ಲದ ಹಾಗೆ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಕುಗ್ಗಿ ಮಸುಕಾಗುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿ. ಪಿಡಿಎಫ್ ಮಾಡಿ, ಬಣ್ಣದಲ್ಲೇ ಮಾಡಿ, ಸೀಲು ಕಾಣಬೇಕಲ್ವಾ. ಪತ್ರದ ಹಿಂಬದಿಯನ್ನೂ ಬಿಡಬೇಡಿ, ನೋಂದಣಿ ವಿವರ ಎಷ್ಟೋ ಸಲ ಅಲ್ಲೇ ಇರುತ್ತದೆ. ಡಿಜಿಲಾಕರ್ ಖಂಡಿತ ಬಳಸಿ, ಆದರೆ ಒಂದು ವ್ಯತ್ಯಾಸ ಗಮನದಲ್ಲಿರಲಿ. ಇಲಾಖೆಯಿಂದಲೇ ಬಂದು ಕೂತ ಡಿಎಲ್, ಆರ್‌ಸಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕಾನೂನಿನ ಪ್ರಕಾರ ಒರಿಜಿನಲ್ಲಿಗೆ ಸಮ, 2017ರಿಂದ ಆ ನಿಯಮ ಇದೆ. ನೀವೇ ಫೋಟೋ ತೆಗೆದು ಅಪ್‌ಲೋಡ್ ಮಾಡಿದ್ದಕ್ಕೆ ಆ ಬೆಲೆ ಇಲ್ಲ, ಅದು ಸುಮ್ನೆ ನಿಮ್ಮ ಜೆರಾಕ್ಸ್ ಇದ್ದ ಹಾಗೆ. ಇದೆಲ್ಲ ಮುಗಿದಮೇಲೆ ಯಾವುದು ಎಲ್ಲಿದೆ ಅಂತ ಒಂದು ಹಾಳೆ ಬರೆದು ಬೀರುವಿನ ಬಾಗಿಲ ಒಳಗೆ ಅಂಟಿಸಿ, ಮನೆಯವರಿಗೂ ತೋರಿಸಿ. ನಿಮ್ಮ ಮೊಬೈಲ್ ಲಾಕು ಗೊತ್ತಿಲ್ಲದೆ ಅವರು ಆಸ್ಪತ್ರೆ ಕೌಂಟರಿನಲ್ಲಿ ನಿಲ್ಲುವ ಹಾಗಾಗಬಾರದು.

ಎರಡು ಟ್ರಂಕು ಅಂದರೆ ಮನೆಯಲ್ಲಿ ಕೂತು ಮಾಡೋದು ಕಷ್ಟ, ಅಂಗಡಿಗೇ ಒಯ್ಯುತ್ತೀರಿ ಅನ್ಸುತ್ತೆ. ಪಿನ್ನು, ದಾರ ಮೊದಲೇ ಬಿಚ್ಚಿಡಿ, ಪೆನ್‌ಡ್ರೈವ್ ಒಯ್ಯಿರಿ, ಕಾಗದ ಬಿಟ್ಟುಬರಬೇಡಿ, ಪಕ್ಕದಲ್ಲೇ ನಿಂತು ಮಾಡಿಸಿ. ಮುಗಿದಮೇಲೆ ಅಂಗಡಿ ಕಂಪ್ಯೂಟರಿನಿಂದ ನಿಮ್ಮ ಫೈಲುಗಳನ್ನು ನಿಮ್ಮ ಮುಂದೆಯೇ ಅಳಿಸಲು ಹೇಳಿ, ರೀಸೈಕಲ್ ಬಿನ್ನಿನಿಂದಲೂ. ಸಂಕೋಚ ಪಡಬೇಡಿ, ನನ್ನ ಅಂಗಡಿಗೆ ಬಂದರೂ ಹಾಗೇ ಕೇಳಿ.